ಮೂತ್ರದಲ್ಲಿ ರಕ್ತ: ಎಲ್ಲಿಂದ ಬಂತೆಂದು ಕಣವೇ ಹೇಳುತ್ತದೆ

ಎರಡು ವರ್ಷ ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ ಕುಡಿದೆ. ಕಲ್ಲು ಕರಗಲಿ ಅಂತ. ಕಲ್ಲು ಇದ್ದದ್ದು ನಿಜ. ಎಡಗಡೆ ಕಿಡ್ನಿಯಲ್ಲಿ 4 ಮಿಲಿಮೀಟರಿನದು, ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆದಿತ್ತು. ಆದರೆ ನನ್ನ ಉಚ್ಚೆಯಲ್ಲಿ ಬರುತ್ತಿದ್ದ ರಕ್ತಕ್ಕೂ ಆ ಕಲ್ಲಿಗೂ ಸಂಬಂಧವೇ ಇರಲಿಲ್ಲ. ಅದು ಗೊತ್ತಾದದ್ದು ಗಾಜಿನ ಪಟ್ಟಿಯ ಮೇಲೆ ಹಾಕಿದ ಒಂದು ಹನಿಯಿಂದ.

ಕೃಷಿ ಪತ್ರಿಕೆಯಲ್ಲಿ ಇದೇನು ಆಸ್ಪತ್ರೆ ಕಥೆ ಅನ್ನಬೇಡಿ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿಯುವ ನಮ್ಮಂಥವರಿಗೇ ಕಿಡ್ನಿಯ ಮಾತು ಹೆಚ್ಚು ಬೇಕಾಗಿರುವುದು. ಹಟ್ಟಿಯಲ್ಲಿ ಹಸುವಿನ ಗಂಜಲ ಕೆಂಪಾದಾಗಲೂ ಇದೇ ಲೆಕ್ಕ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಭದ್ರಾವತಿ ತಾಲ್ಲೂಕಿನ ಒಣಭೂಮಿ. ಭದ್ರಾ ನಾಲೆ ನಮ್ಮ ಹೊಲದ ಕೆಳಗಡೆ ಹಾದುಹೋಗುತ್ತದೆ, ನೀರು ಮೇಲಕ್ಕೆ ಹತ್ತುವುದಿಲ್ಲ. ನಾಲೆ ಕೆಳಗಿನವರಿಗೆ ಭತ್ತ, ಅಡಿಕೆ. ನಮಗೆ ರಾಗಿ, ಮೆಕ್ಕೆಜೋಳ, ಅಕ್ಕಡಿಗೆ ಅವರೆ, ತೊಗರಿ. ಬೇಸಿಗೆ ಉಳುಮೆಗೆ ಹೋದರೆ ಒಂದು ಬಾಟಲಿ ನೀರು ಮಧ್ಯಾಹ್ನದವರೆಗೆ ಬರಬೇಕು. ಹಾಗಾಗಿ ನಮ್ಮ ಕಡೆ ಯಾರ ಉಚ್ಚೆ ಕೆಂಪಾದರೂ ಎರಡೇ ಮಾತು. ಒಂದು ‘ಉಷ್ಣ ಆಗಿದೆ’, ಇನ್ನೊಂದು ‘ಕಲ್ಲಾಗಿದೆ’.

2021ರ ಮುಂಗಾರಿನಲ್ಲಿ ನನಗೆ ನೆಗಡಿ, ಗಂಟಲು ನೋವು ಬಂತು. ಮಾರನೇ ದಿನ ಬೆಳಿಗ್ಗೆ ಒಂದಕ್ಕೆ ಹೋದರೆ ಹಾಲು ಹಾಕದ ಚಹಾದ ಬಣ್ಣ. ನೋವಿಲ್ಲ, ಉರಿಯಿಲ್ಲ. ಮೂರು ದಿನಕ್ಕೆ ತಾನಾಗಿಯೇ ತಿಳಿಯಾಯಿತು. ದೀಪಾವಳಿ ಹೊತ್ತಿಗೆ ಮತ್ತೆ ಗಂಟಲು ಕೆಟ್ಟಿತು, ಮತ್ತೆ ಅದೇ ಬಣ್ಣ. ಒಂದು ದವಾಖಾನೆಯಲ್ಲಿ ತೋರಿಸಿದೆ. ಹೊಟ್ಟೆ ಸ್ಕ್ಯಾನಿಂಗ್ ಆಯಿತು, ಕಲ್ಲು ಸಿಕ್ಕಿತು. ನೀರು ಕುಡಿಯಿರಿ ಅಂದರು. ಕಲ್ಲು ಸಿಕ್ಕ ಮೇಲೆ ಬೇರೆ ಏನನ್ನೂ ಯಾರೂ ಹುಡುಕಲಿಲ್ಲ. ನಾನೂ ಕೇಳಲಿಲ್ಲ. ಗಂಟಲು ನೋವಿಗೂ ಉಚ್ಚೆಯ ಬಣ್ಣಕ್ಕೂ ಏನು ನಂಟು ಅಂತ ಕೇಳಬೇಕಿತ್ತು, ಹೊಳೆಯಲಿಲ್ಲ. ಮೇಲಿಂದ ಮಂಡಿನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ತಂದು ನುಂಗುತ್ತಿದ್ದೆ. ಅದು ಉರಿಯುವ ಬೆಂಕಿಗೆ ಸೌದೆ ಒಟ್ಟಿದ ಹಾಗೆ ಅಂತ ಆಮೇಲೆ ತಿಳಿಯಿತು.

ಬಾಟಲಿ ತಂದ ತಪ್ಪು

ನನ್ನ ತಮ್ಮನ ಮಗಳು ಶಿವಮೊಗ್ಗದಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. 2023ರಲ್ಲಿ ಯುಗಾದಿಗೆ ಊರಿಗೆ ಬಂದವಳು ನನ್ನ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತಳು. ಐದು ಚೀಟಿಯಲ್ಲೂ ‘ಕೆಂಪು ರಕ್ತಕಣ: ಇದೆ’ ಅಂತ ಇತ್ತು. ಎರಡರಲ್ಲಿ ‘ಅಲ್ಬುಮಿನ್’ ಎದುರಿಗೆ ಪ್ಲಸ್ ಗುರುತು.

“ದೊಡ್ಡಪ್ಪ, ಇದರಲ್ಲಿ ಕಣ ಎಷ್ಟು ಅಂತ ಇದೆ, ಹೇಗಿವೆ ಅಂತ ಯಾರೂ ಬರೆದಿಲ್ಲ. ನೀವು ಸ್ಯಾಂಪಲ್ ಹೇಗೆ ಕೊಡ್ತಿದ್ರಿ?” ಅಂತ ಕೇಳಿದಳು.

ಹೇಗೆ ಅಂದರೆ, ಬೆಳಿಗ್ಗೆ ಐದಕ್ಕೆ ಎದ್ದು ಮೊದಲ ಉಚ್ಚೆಯನ್ನೇ ಬಾಟಲಿಗೆ ಹಿಡಿದು, ಆರೂವರೆ ಬಸ್ಸಿಗೆ ಹೋಗಿ, ಒಂಬತ್ತಕ್ಕೆ ಬಾಗಿಲು ತೆರೆದಾಗ ಕೊಡುತ್ತಿದ್ದೆ. ಅವರು ನೋಡುವಾಗ ಹತ್ತೋ ಹನ್ನೊಂದೋ. ಅವಳು ತಲೆ ಚಚ್ಚಿಕೊಂಡಳು. “ರಾತ್ರಿಯೆಲ್ಲ ಹೊಟ್ಟೆಯೊಳಗೆ ನಿಂತದ್ದು, ಆಮೇಲೆ ಐದು ಗಂಟೆ ಬಾಟಲಿಯಲ್ಲಿ ನಿಂತದ್ದು. ಅಷ್ಟು ಹೊತ್ತಿಗೆ ಕಣಗಳು ಒಡೆದು ಆಕಾರ ಕೆಟ್ಟಿರುತ್ತೆ. ನೀವೇ ಬಂದು ಅಲ್ಲೇ ಕೊಡಿ.”

ಮುಂದಿನ ವಾರ ಹೋದೆ. ಬೆಳಗಿನ ಮೊದಲ ಉಚ್ಚೆ ಮನೆಯಲ್ಲೇ ಮುಗಿಸಿ, ಎರಡನೆಯದನ್ನು ಅಲ್ಲೇ ಕೊಟ್ಟೆ. ಸುಮಾರು 10 ಮಿಲಿಲೀಟರನ್ನು ಗಾಜಿನ ಕೊಳವೆಗೆ ಹಾಕಿ ಗಿರಗಿರ ತಿರುಗಿಸುವ ಯಂತ್ರದಲ್ಲಿ ಐದು ನಿಮಿಷ ಇಟ್ಟಳು. ಮೊಸರು ಕಡೆದಾಗ ಬೆಣ್ಣೆ ಮೇಲಕ್ಕೆ ಬಂದರೆ, ಇಲ್ಲಿ ತೂಕದ್ದೆಲ್ಲ ತಳಕ್ಕೆ ಹೋಗುತ್ತದೆ. ಮೇಲಿನ ನೀರು ಚೆಲ್ಲಿ, ತಳದ ಗಸಿಯಿಂದ ಒಂದು ಹನಿ ಪಟ್ಟಿಗೆ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ 400 ಪಟ್ಟು ದೊಡ್ಡದು ಮಾಡಿ ನೋಡಿದಳು. ಒಂದೊಂದು ಕಣ ಮಿಲಿಮೀಟರಿನ ಸಾವಿರ ಭಾಗದಲ್ಲಿ ಏಳೆಂಟು ಭಾಗ ಅಗಲ ಅಷ್ಟೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನನ್ನೇ ಕರೆದು ತೋರಿಸಿದಳು.

ಚೀಲದ ಕಾಳು, ಯಂತ್ರದ ಕಾಳು

ಮೊದಲು ಸರಿಯಾದ ಕಣ ಹೇಗಿರುತ್ತದೆ ತಿಳಿಯಬೇಕು. ತೂತು ಮಾಡದ ಉದ್ದಿನವಡೆಯನ್ನು ಎರಡೂ ಕಡೆ ಬೆರಳಿನಿಂದ ಒತ್ತಿದ ಹಾಗೆ. ಉರುಟು, ಅಂಚು ದಪ್ಪ, ನಡುವೆ ತೆಳು. ಎಲ್ಲ ಒಂದೇ ಅಚ್ಚಿನವು. ನನ್ನವು ಹಾಗಿರಲಿಲ್ಲ. ಒಂದು ಚಿಕ್ಕದು, ಒಂದು ಸೊಟ್ಟ, ಒಂದರ ಅಂಚು ಕಿತ್ತು ಹೋಗಿದೆ. ಕೆಲವಂತೂ ಬಳೆಗೆ ಹೊರಗಡೆಯಿಂದ ಗುಳ್ಳೆ ಅಂಟಿಸಿದ ಹಾಗೆ, ಒಂದು ಗುಳ್ಳೆ, ಎರಡು ಗುಳ್ಳೆ.

ಯಾಕೆ ಹೀಗೆ? ಅವಳು ಹೇಳಿದ್ದನ್ನು ನಾನು ನನ್ನ ಕಣದ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. (ಈ ಕಣ ಒಕ್ಕುವ ಕಣ!) ನೆಲದ ಮೇಲೆ ಮೆಕ್ಕೆಜೋಳದ ಕಾಳು ಬಿದ್ದಿದೆ ಅನ್ನಿ. ಎಲ್ಲ ಇಡೀ ಕಾಳಾಗಿದ್ದರೆ ಎಲ್ಲೋ ಚೀಲ ಹರಿದು ಸುರಿದಿದೆ. ಒಡೆದದ್ದು, ಸಿಪ್ಪೆ ಕಿತ್ತದ್ದು, ಜಜ್ಜಿದ್ದು ಒಂದೊಂದು ಒಂದೊಂದು ಥರ ಇದ್ದರೆ ಯಂತ್ರದೊಳಗೆ ಸಿಕ್ಕಿಕೊಂಡು ಬಂದಿದೆ. ಯಂತ್ರವನ್ನು ಕಣ್ಣಿಂದ ನೋಡಬೇಕಾಗಿಲ್ಲ, ಕಾಳು ನೋಡಿದರೆ ಸಾಕು.

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆಗಳು. ದಿನಕ್ಕೆ ಸುಮಾರು 180 ಲೀಟರ್ ನೀರು ಇವುಗಳಲ್ಲಿ ಸೋಸಿ ಇಳಿಯುತ್ತದೆ. ಆಮೇಲೆ ಉದ್ದನೆಯ ಕೊಳವೆಗಳಲ್ಲಿ ಅದರಲ್ಲಿ ಬಹುಪಾಲು ವಾಪಸ್ ರಕ್ತಕ್ಕೆ ಹೀರಿಕೊಂಡು, ಕೊನೆಗೆ ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ. ಜರಡಿ ಚೆನ್ನಾಗಿದ್ದರೆ ರಕ್ತಕಣ ಅದರಲ್ಲಿ ಇಳಿಯುವ ಹಾಗೇ ಇಲ್ಲ. ಜರಡಿಗೆ ಊತ ಬಂದು ಅಲ್ಲಲ್ಲಿ ಬಿರುಕು ಬಿಟ್ಟರೆ ಆ ಬಿರುಕಿನಲ್ಲಿ ಕಣ ಹಿಸುಕಿಕೊಂಡು ಇಳಿಯುತ್ತದೆ. ಅಷ್ಟೇ ಅಲ್ಲ, ಮುಂದಿನ ಕೊಳವೆಯಲ್ಲಿ ಒಂದು ಕಡೆ ಉಪ್ಪು ಜಾಸ್ತಿ, ಒಂದು ಕಡೆ ಕಡಿಮೆ. ಮೊದಲೇ ಜಜ್ಜಿದ ಕಣ ಆ ಉಪ್ಪಿನ ಏರಿಳಿತದಲ್ಲಿ ಇನ್ನೂ ಸೊಟ್ಟಗಾಗುತ್ತದೆ. ಇದೇ ‘ಯಂತ್ರದ ಕಾಳು’.

ಕಲ್ಲು ಗೀರಿದ ರಕ್ತ, ಮೂತ್ರಕೋಶದ ಗಾಯದ ರಕ್ತ, ಗಂಡಸರ ಪ್ರಾಸ್ಟೇಟ್ ಗ್ರಂಥಿಯ ರಕ್ತ, ಇವು ಜರಡಿಯಿಂದ ಕೆಳಗೆ, ದೊಡ್ಡ ಕೊಳವೆಗಳಲ್ಲಿ ನೇರವಾಗಿ ಬೆರೆತದ್ದು. ಅಲ್ಲಿ ಹಿಸುಕುವವರಿಲ್ಲ. ಕಣಗಳು ಉರುಟಾಗಿ, ಒಂದೇ ಥರ ಇರುತ್ತವೆ. ಇದು ‘ಚೀಲದ ಕಾಳು’.

ಇಲ್ಲೊಂದು ಮೋಸ ಇದೆ. ಉಚ್ಚೆ ತುಂಬ ಗಟ್ಟಿಯಾಗಿದ್ದರೆ ಒಳ್ಳೆಯ ಕಣವೂ ಸುಕ್ಕಿ ಸುತ್ತಲೂ ಮುಳ್ಳು ಮುಳ್ಳಾಗುತ್ತದೆ. ತೀರ ನೀರಾಗಿದ್ದರೆ ಊದಿಕೊಂಡು ಬಣ್ಣ ಕಳೆದುಕೊಂಡು ನೆರಳಿನಂತೆ ಕಾಣುತ್ತದೆ. ಆದರೆ ಅವು ಎಲ್ಲ ಒಟ್ಟಿಗೆ, ಒಂದೇ ರೀತಿ ಸುಕ್ಕುತ್ತವೆ. ಬಿಸಿಲಿಗೆ ಹಾಕಿದ ಅವರೆಕಾಳು ಎಲ್ಲ ಒಂದೇ ಥರ ಸುಕ್ಕುವುದಿಲ್ಲವೇ, ಹಾಗೆ. ಜರಡಿಯಿಂದ ಬಂದವು ಒಂದೊಂದೂ ಒಂದೊಂದು ಥರ ಕೆಟ್ಟಿರುತ್ತವೆ. ಆ ಬಳೆ-ಗುಳ್ಳೆಯ ಕಣವಂತೂ ಉಚ್ಚೆ ಗಟ್ಟಿ, ತೆಳು ಅನ್ನುವ ಕಾರಣಕ್ಕೆ ಹುಟ್ಟುವಂಥದ್ದಲ್ಲ.

ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿದವರು ಆಸ್ಟ್ರೇಲಿಯಾದ ಬರ್ಚ್ ಮತ್ತು ಫೇರ್ಲಿ ಎಂಬಿಬ್ಬರು, 1979ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ. ಅವರು ಬಳಸಿದ್ದು ಫೇಸ್ ಕಾಂಟ್ರಾಸ್ಟ್ ಎಂಬ ಬಗೆಯ ಸೂಕ್ಷ್ಮದರ್ಶಕ. ಬಣ್ಣ ಹಾಕದೆಯೇ ಕಣದ ಅಂಚನ್ನು ಸ್ಪಷ್ಟವಾಗಿ ತೋರಿಸುವ ಯಂತ್ರ ಅದು. ಅದನ್ನು ಕಂಡುಹಿಡಿದ ಹಾಲೆಂಡಿನ ಜೆರ್ನಿಕೆಗೆ 1953ರಲ್ಲಿ ನೊಬೆಲ್ ಬಂದಿದೆ. 1991ರಲ್ಲಿ ಜರ್ಮನಿಯ ಕೋಹ್ಲರ್ ಮತ್ತು ಸಂಗಡಿಗರು ಲೆಕ್ಕವನ್ನು ಇನ್ನೂ ಸುಲಭ ಮಾಡಿದರು. ನೂರು ಕಣ ಎಣಿಸಿದಾಗ ಅದರಲ್ಲಿ ಐದೋ ಹೆಚ್ಚೋ ಆ ಬಳೆ-ಗುಳ್ಳೆಯವು ಇದ್ದರೆ ರಕ್ತ ಜರಡಿಯಿಂದಲೇ ಬಂತೆನ್ನಲು ಅದು ಬಲವಾದ ಸಾಕ್ಷಿ. ಆದರೆ ಐದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ಜರಡಿ ಚೆನ್ನಾಗಿದೆ ಅನ್ನುವ ಹಾಗಿಲ್ಲ.

ನನ್ನದರಲ್ಲಿ ನೂರಕ್ಕೆ ಹದಿನಾಲ್ಕು ಇತ್ತು. ಇನ್ನೊಂದು ವಸ್ತುವನ್ನೂ ತೋರಿಸಿದಳು. ಶಾವಿಗೆ ಒರಳಿನಿಂದ ಬಂದ ತುಂಡಿನ ಹಾಗೆ ಉದ್ದಕ್ಕೆ, ಮೈತುಂಬ ಕೆಂಪು ಕಣ ಅಂಟಿದ್ದು. ಕಿಡ್ನಿಯ ಸಣ್ಣ ಕೊಳವೆಯಲ್ಲಿ ಒಂದು ಬಗೆಯ ಅಂಟು ಪದಾರ್ಥ ಗಟ್ಟಿಯಾಗಿ ಅಚ್ಚು ಕಟ್ಟುತ್ತದೆ. ಆ ಅಚ್ಚಿನೊಳಗೆ ರಕ್ತಕಣ ಸಿಕ್ಕಿಕೊಂಡಿದ್ದರೆ ರಕ್ತ ಕಿಡ್ನಿಯ ಒಳಗೇ ಸುರಿದಿದೆ ಅಂತಲೇ ಅರ್ಥ. ಮೂತ್ರಕೋಶದಲ್ಲಿ ಅಷ್ಟು ಸಣ್ಣ ಕೊಳವೆಯೇ ಇಲ್ಲವಲ್ಲ, ಅಚ್ಚು ಕಟ್ಟುವುದೆಲ್ಲಿ?

“ದೊಡ್ಡಪ್ಪ, ಕಲ್ಲಿನ ಡಾಕ್ಟ್ರ ಹತ್ರ ಅಲ್ಲ, ಕಿಡ್ನಿ ಡಾಕ್ಟ್ರ ಹತ್ರ ಹೋಗಬೇಕು. ತಡ ಮಾಡಬೇಡಿ” ಅಂದಳು.

ಇಬ್ಬರೂ ಬೇರೆ ಬೇರೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಲ್ಲು, ಮೂತ್ರಕೋಶ, ಪ್ರಾಸ್ಟೇಟ್ ನೋಡುವವರು ಯುರಾಲಜಿಸ್ಟ್. ಜರಡಿಯ ಕಾಯಿಲೆ ನೋಡುವವರು ನೆಫ್ರಾಲಜಿಸ್ಟ್. ಕಣದ ಆಕಾರದ ದೊಡ್ಡ ಉಪಯೋಗ ಇದೇ, ಯಾವ ಬಾಗಿಲು ತಟ್ಟಬೇಕು ಅಂತ ಹೇಳುತ್ತದೆ.

ಮಣಿಪಾಲದ ಕಸ್ತೂರಬಾ ಆಸ್ಪತ್ರೆಗೆ ಹೋದೆ. ಕ್ರಿಯಾಟಿನಿನ್ 1.6 ಇತ್ತು, ಬಿ.ಪಿ. 160ರ ಮೇಲೆ. ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಐಜಿಎ ನೆಫ್ರೋಪತಿ ಅಂದರು. ಗಂಟಲು, ಕರುಳಿನ ಕಾವಲಿಗೆ ಮೈ ತಯಾರು ಮಾಡುವ ಐಜಿಎ ಎಂಬ ಪದಾರ್ಥವೇ ಜರಡಿಯಲ್ಲಿ ಕೂತು ಊತ ತರುವ ಕಾಯಿಲೆ. 1968ರಲ್ಲಿ ಪ್ಯಾರಿಸಿನ ಬೆರ್ಜೆ ಎಂಬವರು ಮೊದಲು ಗುರುತಿಸಿದ್ದು. ಗಂಟಲು ಕೆಟ್ಟ ಒಂದೆರಡು ದಿನದಲ್ಲೇ ಉಚ್ಚೆ ಚಹಾದ ಬಣ್ಣಕ್ಕೆ ತಿರುಗುವುದು ಇದರ ಗುರುತುಗಳಲ್ಲೊಂದು. ಎರಡು ವರ್ಷ ಕಣ್ಣೆದುರಿಗೇ ಇತ್ತು ಅದು.

ಭಾವನ ಕೆಂಪು ಬೇರೆ

ನನ್ನ ಕಥೆ ಕೇಳಿದ ಭಾವ, ಅಂದರೆ ನನ್ನ ಅಕ್ಕನ ಯಜಮಾನರು, ಒಂದು ದಿನ ಮೆಲ್ಲಗೆ ಬಾಯಿಬಿಟ್ಟರು. ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮುಗಿಸಿ ನಿವೃತ್ತರಾದವರು. ಬೀಡಿ ಬಿಟ್ಟು ಮೂರೇ ವರ್ಷ, ಸೇದಿದ್ದು ಮೂವತ್ತೈದು ವರ್ಷ. “ನಂಗೂ ನಾಲ್ಕು ತಿಂಗಳಿಂದ ಆಗಾಗ ಕೆಂಪು ಹೋಗ್ತದೆ ಕಣಯ್ಯ. ನೋವಿಲ್ಲ, ಅದಕ್ಕೇ ಸುಮ್ಮನಿದ್ದೆ. ನಿಂದೇ ಕಾಯಿಲೆ ಇರಬೇಕು, ನಿನ್ನ ಗುಳಿಗೆನೇ ಬರೆದುಕೊಡು” ಅಂದರು.

ಬಣ್ಣ ಕೇಳಿದೆ. ಕುಂಕುಮದ ನೀರಿನ ಹಾಗೆ, ಒಂದೆರಡು ಸಲ ಕರಿಗಡ್ಡೆಯೂ ಬಂದಿದೆ ಅಂದರು. ನನ್ನದರಲ್ಲಿ ಒಂದು ದಿನವೂ ಗಡ್ಡೆ ಬಂದಿರಲಿಲ್ಲ. ಜರಡಿಯಿಂದ ಇಳಿದ ರಕ್ತ ಗಡ್ಡೆ ಕಟ್ಟುವುದು ಬಹಳ ಅಪರೂಪ. ಭಾವನನ್ನು ಅದೇ ವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ, ಸುಮಾರು 20 ಕಿಲೋಮೀಟರ್. ಅಲ್ಲೇ ಸ್ಯಾಂಪಲ್ ಕೊಡಿಸಿದೆ. ಪಟ್ಟಿಯ ತುಂಬ ಕಣ. ಎಲ್ಲ ಉರುಟು, ಎಲ್ಲ ಇಡೀ ಕಾಳು. ಅಲ್ಬುಮಿನ್ ಇಲ್ಲವೇ ಇಲ್ಲ ಅನ್ನಬಹುದು. ಶಾವಿಗೆ ತುಂಡು ಒಂದೂ ಇಲ್ಲ.

ನಮ್ಮ ಹುಡುಗಿಯ ಮುಖ ನನ್ನ ಸಲದಕ್ಕಿಂತ ಸಣ್ಣದಾಯಿತು. ಕಣ ಚೆನ್ನಾಗಿದೆ ಅಂದರೆ ಕಾಯಿಲೆ ಚೆನ್ನಾಗಿದೆ ಅಂತ ಅರ್ಥ ಅಲ್ಲ, ಇದನ್ನು ಓದುವವರು ನೆನಪಿಡಬೇಕು. ವಯಸ್ಸಾದ, ಬೀಡಿ ಸೇದಿದ ಗಂಡಸಿಗೆ ನೋವಿಲ್ಲದೆ ಕೆಂಪು ಹೋಗುತ್ತಿದ್ದು, ಕಣ ಉರುಟಾಗಿದ್ದರೆ ಮೊದಲು ಮೂತ್ರಕೋಶವನ್ನೇ ನೋಡಬೇಕು. ಹೊಗೆಯಲ್ಲಿನ ವಿಷ ಉಚ್ಚೆಗೆ ಇಳಿದು ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಸೇದುವವರಿಗೆ ಅಲ್ಲಿ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಸುಮಾರು ಮೂರು ಪಟ್ಟು ಅನ್ನುತ್ತಾರೆ. ಯುರಾಲಜಿಸ್ಟ್ ಸಣ್ಣ ದುರ್ಬೀನು ಹಾಕಿ ನೋಡಿದರು. ಅಣಬೆಯಂಥ ಬೆಳೆ ಇತ್ತು. ಗೋಡೆಯ ಮೇಲ್ಪದರದಲ್ಲೇ ಇತ್ತು, ಆಳಕ್ಕೆ ಇಳಿದಿರಲಿಲ್ಲ. ಕೆರೆದು ತೆಗೆದರು.

ನನ್ನ ಗುಳಿಗೆ ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ನೆನಪಾಗುತ್ತದೆ.

ಹಟ್ಟಿಯ ಕೆಂಪು

ಹಸುವಿನ ಮಾತು. ಗಂಜಲ ಕೆಂಪಾದರೆ ಮೊದಲ ಪ್ರಶ್ನೆ, ಅದರಲ್ಲಿ ಕಣ ಇದೆಯೋ ಇಲ್ಲವೋ. ಬಿಳಿ ಗಾಜಿನ ಲೋಟದಲ್ಲಿ ಹಿಡಿದು ಅಲ್ಲಾಡಿಸದೆ ಒಂದೆರಡು ಗಂಟೆ ಇಡಿ. ತಳದಲ್ಲಿ ಕೆಂಪು ಗಸಿ ಕೂತು ಮೇಲೆ ತಿಳಿಯಾದರೆ ಇಡೀ ರಕ್ತಕಣ ಬರುತ್ತಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಕಾಫಿ ಬಣ್ಣ ಉಳಿದರೆ ಕಣ ರಕ್ತದೊಳಗೇ ಒಡೆದು ಅದರ ಬಣ್ಣ ಮಾತ್ರ ಇಳಿಯುತ್ತಿದೆ.

ಹೋದ ವರ್ಷ ನಮ್ಮ ಮಿಶ್ರತಳಿ ಹಸುವಿಗೆ ಜ್ವರ, ಮೇವು ಬಿಟ್ಟಿತು, ಕಾಫಿ ಬಣ್ಣದ ಗಂಜಲ. ಲೋಟದಲ್ಲಿ ಗಸಿ ಕೂರಲಿಲ್ಲ. ಮೈತುಂಬ ಉಣ್ಣೆ ಇತ್ತು. ಪಶುವೈದ್ಯರು ಕಿವಿಯಿಂದ ರಕ್ತದ ಹನಿ ತೆಗೆದು ನೋಡಿ ಉಣ್ಣೆಯಿಂದ ಹರಡುವ ಬಬೇಸಿಯಾ ಅಂದರು, ಸೂಜಿ ಕೊಟ್ಟರು, ಉಳಿಯಿತು. ಕರು ಹಾಕಿದ ಕೆಲವು ವಾರದಲ್ಲಿ ಜ್ವರವಿಲ್ಲದೆ ಇದೇ ಬಣ್ಣ ಬಂದರೆ, ಎಮ್ಮೆಗಳಲ್ಲಿ ಅದರಲ್ಲೂ, ರಂಜಕದ ಕೊರತೆಯ ಸಂಶಯ ಮಾಡುತ್ತಾರೆ. ಗುಡ್ಡದ ಕಡೆ ಬ್ರಾಕೆನ್ ಎಂಬ ಜರೀಗಿಡ ವರ್ಷಗಟ್ಟಲೆ ಮೇಯ್ದ ದನಗಳಿಗೆ ಮೂತ್ರಕೋಶದಲ್ಲಿ ಗಂಟಾಗಿ ರಕ್ತವೇ ಹೋಗುತ್ತದೆ. ಅದರಲ್ಲಿ ಗಸಿ ಕೂರುತ್ತದೆ. ಲೋಟದ ಪರೀಕ್ಷೆ ಇಷ್ಟಕ್ಕೇ, ಮುಂದಿನದು ಪಶುವೈದ್ಯರಿಗೆ ಬಿಟ್ಟದ್ದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಮನುಷ್ಯರಿಗೂ ಈ ಮೊದಲ ಪ್ರಶ್ನೆ ಇದೆ. ಪ್ರಯೋಗಾಲಯದಲ್ಲಿ ಅದ್ದಿ ನೋಡುವ ಬಣ್ಣದ ಪಟ್ಟಿ ಇಡೀ ಕಣಕ್ಕೂ, ಒಡೆದ ಕಣದ ಬಣ್ಣಕ್ಕೂ, ಜಜ್ಜಿದ ಮಾಂಸಖಂಡದ ಬಣ್ಣಕ್ಕೂ ಒಂದೇ ಹಸಿರು ತೋರಿಸುತ್ತದೆ. ಬೀಟ್‌ರೂಟ್ ತಿಂದರೆ, ಕ್ಷಯದ ಗುಳಿಗೆ ನುಂಗಿದರೆ ರಕ್ತವಿಲ್ಲದೆಯೂ ಉಚ್ಚೆ ಕೆಂಪಾಗುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ನೋಡದೆ ರಕ್ತ ಅನ್ನಬಾರದು. ಒಂದು ಮಾತು ಮಾತ್ರ ಬೇರೆ. ಕೊಳಕುಮಂಡಲ ಕಚ್ಚಿದ ಮೇಲೆ ಉಚ್ಚೆ ಕೆಂಪಾದರೆ ಯಾವ ಕಣವನ್ನೂ ಎಣಿಸುತ್ತಾ ಕೂರಬೇಡಿ. ಕೆಂಪಾಗುವವರೆಗೂ ಕಾಯಬೇಡಿ. ಹಾವಿನ ವಿಷಕ್ಕೆ ಮದ್ದಿರುವ ದೊಡ್ಡಾಸ್ಪತ್ರೆಗೆ ನೇರ ಹೋಗಿ. ನಮ್ಮ ಜಿಲ್ಲೆಯವರಿಗೆ ಮೆಗ್ಗಾನ್ ಇದೆ.

ಸ್ಯಾಂಪಲ್ ಕೊಡುವಾಗ

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಬೆಳಗಿನ ಎರಡನೇ ಉಚ್ಚೆ, ಮೊದಲ ಸ್ವಲ್ಪ ಬಿಟ್ಟು ನಡುವಿನದು, ಪ್ರಯೋಗಾಲಯದಲ್ಲೇ ಕೊಡಬೇಕು. ಒಂದು ಗಂಟೆಯೊಳಗೆ ನೋಡಿದರೆ ಚೆನ್ನ, ಎರಡು ಗಂಟೆ ದಾಟಿದರೆ ಆಕಾರದ ಮಾತು ಬಿಡಬೇಕು. ಹಿಂದಿನ ದಿನ ಮೈಮುರಿದು ದುಡಿದಿದ್ದರೆ ಅದರಿಂದಲೂ ನಾಲ್ಕು ಕಣ ಕಾಣಬಹುದು, ಹೇಳಿಬಿಡಿ. ಹೆಂಗಸರು ಮುಟ್ಟಿನ ದಿನಗಳಲ್ಲಿ ಕೊಡಬಾರದು. ದೊಡ್ಡದು ಮಾಡಿ ನೋಡಿದ ಒಂದು ನೋಟದಲ್ಲಿ ಮೂರೋ ಹೆಚ್ಚೋ ಕಣ ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮುಖ್ಯವಾಗಿ ಬಾಯಿಬಿಟ್ಟು ಕೇಳಿ, “ಕಣದ ಆಕಾರ ಹೇಗಿದೆ, ಅಚ್ಚು ಇದೆಯಾ, ಬರೆದುಕೊಡಿ” ಅಂತ. ಬಹಳ ಕಡೆ ಯಂತ್ರವೇ ಎಣಿಸಿ ಚೀಟಿ ಕೊಟ್ಟುಬಿಡುತ್ತದೆ. ಕೇಳದೆ ಇದ್ದರೆ ಯಾರೂ ಕಣ್ಣಿಟ್ಟು ನೋಡುವುದಿಲ್ಲ.

ಈ ಪರೀಕ್ಷೆಯನ್ನು ನಾನು ಹೊಗಳುತ್ತಿದ್ದೇನೆ, ಆದರೆ ಇದು ದಾರಿ ತೋರಿಸುವ ಕೈಮರ ಅಷ್ಟೆ. ನೋಡುವವರ ಕಣ್ಣು ಪಳಗಿರಬೇಕು, ಒಬ್ಬರು ಸೊಟ್ಟ ಅಂದದ್ದನ್ನು ಇನ್ನೊಬ್ಬರು ಉರುಟು ಅನ್ನಬಹುದು. ಜರಡಿಯಿಂದ ಜೋರಾಗಿ ಸುರಿಯುವಾಗ ಉರುಟು ಕಣವೂ ಬೆರೆತು ಬರುತ್ತದೆ. ಕೆಲವರಿಗೆ ಎರಡೂ ಕಾಯಿಲೆ ಒಟ್ಟಿಗೆ ಇರುತ್ತದೆ. ಅದಕ್ಕೇ ನನಗೆ ಕಣ ಸೊಟ್ಟಗಿದ್ದರೂ, ವಯಸ್ಸು ಐವತ್ತು ದಾಟಿದೆ ಅಂತ ಮೂತ್ರಕೋಶವನ್ನೂ ಒಮ್ಮೆ ನೋಡಿಯೇ ಬಿಟ್ಟರು. ಅಲ್ಲಿ ಏನೂ ಇರಲಿಲ್ಲ.

ನೋವಿನ ಗುಳಿಗೆ ಪೂರ್ತಿ ನಿಲ್ಲಿಸಿದೆ, ಮಂಡಿಗೆ ಬಿಸಿನೀರಿನ ಶಾಖವೇ ಗತಿ. ಉಪ್ಪಿನಕಾಯಿ ಬಿಟ್ಟೆ, ಅದೇ ಬಲು ಕಷ್ಟ. ಬಿ.ಪಿ.ಯ ಜೊತೆಗೆ ಅಲ್ಬುಮಿನ್ ಸೋರುವುದನ್ನೂ ತಗ್ಗಿಸುವ ಗುಳಿಗೆ ದಿನಾ ಒಂದು. ದಿನಕ್ಕೆ 1.8 ಗ್ರಾಂ ಹೋಗುತ್ತಿದ್ದ ಅಲ್ಬುಮಿನ್ ಈಗ 0.7ಕ್ಕೆ ಇಳಿದಿದೆ, ಕ್ರಿಯಾಟಿನಿನ್ 1.5ರಲ್ಲೇ ನಿಂತಿದೆ. ಆ 4 ಮಿಲಿಮೀಟರಿನ ಕಲ್ಲು ಈಗಲೂ ಅಲ್ಲೇ ಇದೆ, ಯಾರಿಗೂ ತೊಂದರೆ ಕೊಟ್ಟಿಲ್ಲ.

ಭಾವನಿಗೆ ಕೆಲವು ತಿಂಗಳಿಗೊಮ್ಮೆ ದುರ್ಬೀನಿನ ಪರೀಕ್ಷೆ ಇದೆ, ಈ ಬೆಳೆ ಮತ್ತೆ ಮೊಳೆಯುವ ಸ್ವಭಾವದ್ದಂತೆ. ಮುಂದಿನದು ರಾಗಿ ಕೊಯ್ಲು ಮುಗಿದ ವಾರ. ನನ್ನ ರಕ್ತ ಪರೀಕ್ಷೆಯನ್ನೂ ಅದೇ ದಿನಕ್ಕೆ ಹಾಕಿಸಿಕೊಂಡಿದ್ದೇನೆ. ಬೆಳಗಿನ ಮೊದಲ ಉಚ್ಚೆ ಮನೆಯಲ್ಲಿ ಮುಗಿಸಿ ಇಬ್ಬರೂ ಆರೂವರೆ ಬಸ್ಸಿಗೆ ಹೊರಡುವುದು.